ರೇಸಿನ ದಿನ ಕಡವು ಯಾಕೆ ನಿಲ್ಲಬೇಕು?

ಮಳೆ ನಿಂತು ಹೊಳೆ ನೀರು ತಿಳಿಯಾಗುತ್ತಿದ್ದಂತೆ ಕರಾವಳಿಯಲ್ಲಿ ಉತ್ಸವಗಳ ಸೀಸನ್ ಶುರುವಾಗುತ್ತದೆ. 2019ರ ಜನವರಿಯಲ್ಲಿ ಮಂಗಳೂರಿನ ಫಲ್ಗುಣಿ ತೀರದಲ್ಲಿ ನದಿ ಉತ್ಸವ ನಡೆಯಿತು. 2024ರ ಮಾರ್ಚ್‌ನಲ್ಲಿ ಸಸಿಹಿತ್ಲುವಿಗೆ ಹೊರದೇಶದವರೂ ಬಂದು, ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಸ್ಪರ್ಧೆಯಲ್ಲಿ ಇಳಿದರು. ನೋಡೋಕೆ ಚಂದ. ಹೊಳೆ ಬದಿಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಹುಟ್ಟು ಹಿಡಿಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಅವರಿಗೂ ಒಂದು ಪದಕ, ಒಂದು ಕೆಲಸ ಸಿಗುವುದಾದರೆ ಇಂಥ ಸ್ಪರ್ಧೆಗಳು ಇನ್ನೂ ಹೆಚ್ಚಲಿ ಎಂದೇ ನಾವು ಹೇಳುತ್ತೇವೆ.

ಆದರೆ ಆ ಹೊಳೆಯಲ್ಲಿ ಬೇರೆಯವರೂ ಇದ್ದಾರೆ. ಕಸಬಾ ಬೆಂಗ್ರೆಯಿಂದ ಬಂದರಿಗೆ, ತಣ್ಣೀರುಬಾವಿಯಿಂದ ಸುಲ್ತಾನ್ ಬತ್ತೇರಿಗೆ ಫೆರಿ ಹತ್ತುವವರು ಮೋಜಿಗೆ ಹೋಗುವವರಲ್ಲ. ಶಾಲೆಗೆ, ದಕ್ಕೆಗೆ, ಆಸ್ಪತ್ರೆಗೆ, ಅಂಗಡಿಗೆ ಹೋಗುವವರು. ಬೆಂಗ್ರೆಯಿಂದ ರಸ್ತೆ ಹಿಡಿದರೆ ಕೂಳೂರು ಸುತ್ತಿ ಬರಬೇಕು. ಒಂದು ದಿನ ಹೊಳೆ ಬಿಟ್ಟುಕೊಡಿ ಎಂದು ಹೇಳುವುದು ಸುಲಭ. ಆ ಒಂದು ದಿನ ಫೆರಿಯವನ ಡೀಸೆಲ್ ಉಳಿಯಬಹುದು, ದುಡಿಮೆ ಹೋಗುತ್ತದೆ. ಔಟ್‌ಬೋರ್ಡ್ ಎಂಜಿನ್ ಕಟ್ಟಿಕೊಂಡು ಅಳಿವೆ ದಾಟುವ ನಾಡದೋಣಿಯವನದ್ದೂ ಅದೇ ಕತೆ. ಅದೂ ಯಾವಾಗ? ಜೂನ್, ಜುಲೈಯ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗ ದಕ್ಕೆಯೇ ಖಾಲಿ ಇರುತ್ತದೆ, ಆದರೆ ತುಂಬಿ ಹರಿಯುವ ಹೊಳೆಯಲ್ಲಿ ಉತ್ಸವ ಮಾಡುವವರು ಯಾರೂ ಇಲ್ಲ. ಉತ್ಸವಗಳೆಲ್ಲ ಬರುವುದು ಡಿಸೆಂಬರ್‌ನಿಂದ ಆಚೆಗೆ, ಹೊಳೆಯಲ್ಲೂ ಕಡಲಲ್ಲೂ ನಾಲ್ಕು ಕಾಸು ಕಾಣುವ ದಿನಗಳಲ್ಲೇ.

ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಎಂಜಿನ್ ಬೋಟ್ ಓಡಿಸುವ ನಮ್ಮವರು ‘ನಾವು ಹೊಟ್ಟೆಪಾಡಿನವರು, ನಮಗೆ ಯಾವ ಕಟ್ಟಳೆ’ ಎಂದರೆ ಅದು ನಡೆಯುವ ಮಾತಲ್ಲ. ಬೋಟ್ ಮುಂದೆ ಹೋದ ಮೇಲೂ ಅದು ಎಬ್ಬಿಸಿದ ತೆರೆ ದಡ ಮುಟ್ಟುವವರೆಗೆ ನಿಲ್ಲುವುದಿಲ್ಲ. ರೇಸಿನ ದೋಣಿಯ ಅಂಚು ನೀರಿಗೆ ಅಂಟಿಕೊಂಡಂತಿರುತ್ತದೆ, ಎರಡು ತೆರೆ ಹೊಡೆದರೆ ಒಳಗೆ ನೀರು. ಬಲೆ ಬಿಡುತ್ತಾ ಕೂತ ಪಾತಿದೋಣಿಯ ಮುದುಕನಿಗೂ ಅಷ್ಟೇ ಅಪಾಯ. ದಡದ ಮಣ್ಣು ಕುಸಿಯುವುದು, ಸೋರಿದ ಎಣ್ಣೆ ನೀರಿನ ಮೇಲೆ ಹರಡುವುದು ಇದರ ಲೆಕ್ಕದಲ್ಲೇ ಬರುತ್ತವೆ.

ಘಟ್ಟದ ಮೇಲಿನ ಹೊಳೆಗಳಿಗೂ ಈ ಮಾತು ಹೊರತಲ್ಲ. ವಿಜಯನಗರ ಜಿಲ್ಲೆಯಲ್ಲಿ ತುಂಗಭದ್ರೆಯ ಬದಿಗೆ ಹೂವಿನಹಡಗಲಿ, ಹಿರೇಹಡಗಲಿ ಇವೆ. ಹಿಂದೆ ಇಲ್ಲಿಂದ ಹಂಪಿಗೆ ಹೊಳೆಯ ಮೇಲೆ ಹಡಗಿನಲ್ಲಿ ಹೂವು ಹೋಗುತ್ತಿತ್ತು, ಅದಕ್ಕೇ ಹೂವಿನಹಡಗಲಿ ಎಂಬ ಹೆಸರು ಬಂತು ಎಂದು ಆ ಕಡೆಯ ಜನ ಹೇಳ್ತಾರೆ. ಇವತ್ತು ಸಿಂಗಟಾಲೂರು ಬ್ಯಾರೇಜಿನ ಹಿಂದೆ ನೀರು ನಿಲ್ಲುತ್ತದೆ. ಕೆಳಗೆ ಹಂಪಿ, ಆನೆಗೊಂದಿ ಕಡೆ ಹರಗೋಲೂ ಮೋಟಾರ್ ಬೋಟೂ ಒಂದೇ ನೀರಿನಲ್ಲಿ ಜನ ದಾಟಿಸಿದ್ದುಂಟು. ಹರಗೋಲಿಗೆ ಮುಂದೆ ಹಿಂದೆ ಎಂಬುದಿಲ್ಲ, ಬುಟ್ಟಿಯ ಹಾಗೆ ತಿರುಗುವಂಥದ್ದು. ಪಕ್ಕದಲ್ಲಿ ಎಂಜಿನ್ ಜೋರಾಗಿ ಹೋದರೆ ಹುಟ್ಟು ಹಾಕುವವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹಡಗಲಿ ಸೀಮೆಯ ನಿಂತ ನೀರಿಗೂ ನಾಳೆ ಪ್ರವಾಸಿ ಬೋಟ್ ಬರಬಹುದು, ಹರಗೋಲು ಸ್ಪರ್ಧೆಯೂ ಬರಬಹುದು. ಬರುವ ಮೊದಲೇ ಅಲ್ಲಿಯ ಮೀನುಗಾರರನ್ನು ಕೂರಿಸಿ ಮಾತಾಡಿದರೆ ನಮ್ಮಲ್ಲಿ ಆಗುವ ತಕರಾರು ಅಲ್ಲಿ ಆಗಲಿಕ್ಕಿಲ್ಲ.

ದಾರಿ ಇಲ್ಲದ್ದೇನೂ ಅಲ್ಲ. ಇಂಗ್ಲೆಂಡಿನ ಥೇಮ್ಸ್ ಹೊಳೆಯ ಹೆನ್ಲಿಯಲ್ಲಿ 1839ರಿಂದ ಹುಟ್ಟಿನ ದೋಣಿಗಳ ರೇಸ್ ನಡೆದುಬಂದಿದೆ. ಅಲ್ಲಿ ಗೂಟ ನೆಟ್ಟು, ದಿಮ್ಮಿ ಕಟ್ಟಿ ರೇಸಿನ ಪಥವನ್ನು ಬೇರೆ ಮಾಡುತ್ತಾರೆ. ಪಕ್ಕದಲ್ಲಿ ಉಳಿದ ಬೋಟುಗಳಿಗೆ ದಾರಿ ಇರುತ್ತದೆ. ಆ ಹೊಳೆಯಲ್ಲಿ ಎಂಜಿನ್ ಬೋಟಿಗೆ ಮಾತ್ರವಲ್ಲ, ಹುಟ್ಟಿನ ದೋಣಿಗೂ ನೋಂದಣಿ ಶುಲ್ಕ ಉಂಟು. ಅಷ್ಟು ದೂರ ಯಾಕೆ, ನಮ್ಮ ಕಾಸರಗೋಡು ಜಿಲ್ಲೆಯ ತೇಜಸ್ವಿನಿ ಹೊಳೆಯನ್ನೇ ನೋಡಿ. ನೀಲೇಶ್ವರದ ಕೋಟ್ಟಪ್ಪುರಂನಿಂದ ಹೌಸ್‌ಬೋಟ್ ಹೊರಡುತ್ತದೆ, ಅಲ್ಲೇ ಅಚ್ಚಾಂತುರುತ್ತಿಯ ಬಳಿ ಉತ್ತರ ಮಲಬಾರಿನ ದೋಣಿ ಸ್ಪರ್ಧೆಯೂ ನಡೆಯುತ್ತದೆ. ಎರಡಕ್ಕೂ ಅದೇ ನೀರು.

ಹಾಗಾದರೆ ಯಾರು ಎಷ್ಟು ಕೊಡಬೇಕು? ನಮ್ಮ ಅಭಿಪ್ರಾಯ ಇಷ್ಟು. ಉತ್ಸವ ಮಾಡುವವರಿಗೆ ಪ್ರಾಯೋಜಕರಿದ್ದಾರೆ, ಬ್ಯಾನರ್ ಇದೆ. ಆದ್ದರಿಂದ ಆ ದಿನದ ರಕ್ಷಣಾ ಬೋಟ್, ಮುಳುಗುಗಾರರು, ಜೆಟ್ಟಿಗೆ ಆಗುವ ಹಾನಿ ಎಲ್ಲವೂ ಅವರ ಖರ್ಚು. ಫೆರಿಯನ್ನಂತೂ ನಿಲ್ಲಿಸಲೇಬಾರದು, ಎರಡು ರೇಸಿನ ನಡುವೆ ಹತ್ತು ನಿಮಿಷ ಬಿಟ್ಟರೆ ಒಂದು ಟ್ರಿಪ್ ದಾಟುತ್ತದೆ. ನಿಲ್ಲಿಸಲೇಬೇಕಾದ ಗಂಟೆಗಳಿದ್ದರೆ ಫೆರಿಯವರಿಗೂ ನಾಡದೋಣಿಯವರಿಗೂ ಆ ಹೊತ್ತಿನ ದುಡಿಮೆಯನ್ನು ಮುಂಗಡವಾಗಿ ಕೊಡಲಿ. ಕಾರ್ಯಕ್ರಮ ಮುಗಿದ ಮೇಲೆ ಪೆಂಡಾಲ್‌ನವನೇ ಬಿಲ್ಲಿಗೆ ಅಲೆಯುತ್ತಾನೆ, ಇನ್ನು ದೋಣಿಯವನನ್ನು ಕೇಳುವವರು ಯಾರು!

ವರ್ಷವಿಡೀ ಆಗುವ ಖರ್ಚು ಬೇರೆ. ಜೆಟ್ಟಿಯ ಹಲಗೆ, ದೀಪ, ಲೈಫ್ ಜಾಕೆಟ್, ಹೂಳೆತ್ತುವುದು ಇದಕ್ಕೆಲ್ಲ ಎಂಜಿನ್ ಇದ್ದವರು ಪಾಲು ಕೊಡಬೇಕು. ಪ್ರವಾಸಿ ಬೋಟಿನವರು ಹೆಚ್ಚು, ಫೆರಿಯವರು ಕಡಿಮೆ, ಕೈಹುಟ್ಟಿನ ಬಡ ದೋಣಿಯವನಿಂದ ಬಿಡಿಗಾಸೂ ಬೇಡ. ಅಭ್ಯಾಸಕ್ಕೆಂದು ದಿನಾ ಜೆಟ್ಟಿ ಬಳಸುವ ಕ್ಲಬ್ಬುಗಳೂ ವಂತಿಗೆ ಹಾಕಲಿ.

1917ರ ಹಳೇ ಕಾನೂನಿನ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ಎಂಜಿನ್ ಬೋಟಿಗೆ ನೋಂದಣಿ, ತಪಾಸಣೆ, ವಿಮೆ ಬೇಕೆನ್ನುತ್ತದೆ. ಇದನ್ನು ಕಿರಿಕಿರಿ ಎಂದುಕೊಳ್ಳುವವರಿಗೆ ತಾನೂರನ್ನು ನೆನಪಿಸಬೇಕಾಗುತ್ತದೆ. 2023ರ ಮೇ 7ರ ಸಂಜೆ ಮಲಪ್ಪುರಂ ಜಿಲ್ಲೆಯ ಆ ಊರಿನಲ್ಲಿ, ಮೀನಿನ ದೋಣಿಯನ್ನು ಮಾರ್ಪಡಿಸಿ ಮಾಡಿದ್ದ ಪ್ರವಾಸಿ ಬೋಟ್ ಮಿತಿಮೀರಿ ಜನ ತುಂಬಿಕೊಂಡು ಮಗುಚಿ 22 ಜನ ಹೋದರು. ಅದರಲ್ಲಿ ಮಕ್ಕಳೂ ಇದ್ದರು. ರಜೆಯ ದಿನ ಕುಟುಂಬ ಸಮೇತ ಬೋಟ್ ಹತ್ತುವ ನಮ್ಮ ಮನೆಯವರೂ ಜಾಕೆಟ್ ಎಲ್ಲಿ ಎಂದು ಕೇಳಿಯೇ ಕಾಲಿಡಬೇಕು. ಕೇಳಲು ನಾಚಿಕೆ ಯಾಕೆ?

ಬಂದರು ಮತ್ತು ಜಲಸಾರಿಗೆಯ ಹೊಣೆ ಕರ್ನಾಟಕ ಜಲಸಾರಿಗೆ ಮಂಡಳಿಯದ್ದು. ಮುಂದಿನ ಡಿಸೆಂಬರಿನ ಉತ್ಸವಕ್ಕೆ ಪೋಸ್ಟರ್ ಅಂಟಿಸುವ ಮೊದಲೇ ಮಂಡಳಿ, ಜಿಲ್ಲಾಡಳಿತ, ಫೆರಿಯವರು, ಬೆಂಗ್ರೆಯ ಮೊಗವೀರ ಮತ್ತು ಬ್ಯಾರಿ ಮೀನುಗಾರರು, ಸ್ಪರ್ಧೆ ನಡೆಸುವವರು ಒಟ್ಟಿಗೆ ಕೂರಲಿ. ಯಾವ ಗಂಟೆಗೆ ಹೊಳೆ ಯಾರದ್ದು, ಬೋಟಿನ ವೇಗ ಎಷ್ಟು, ದುಡ್ಡು ಯಾರದ್ದು ಎಂಬುದನ್ನು ಕನ್ನಡದಲ್ಲಿ ಬರೆದು ಜೆಟ್ಟಿಯ ಗೋಡೆಗೆ ಅಂಟಿಸಲಿ. ಸಭೆಯನ್ನು ಮಾತ್ರ ಜುಮಾ ಹೊತ್ತಿಗೂ ದಕ್ಕೆಯ ಮೀನು ಹರಾಜಿನ ಹೊತ್ತಿಗೂ ಇಡಬೇಡಿ. ಇಟ್ಟರೆ ಬರಬೇಕಾದವರೇ ಬರುವುದಿಲ್ಲ.