ಗಡಿಯಾರ ಯಾರ ಕೈಯಲ್ಲಿ?

ಕಚೇರಿಯ ಗೋಡೆಯ ಗಡಿಯಾರ ತಪ್ಪಿದರೆ ಬಾಗಿಲು ಕಾಯುವ ಜವಾನನಿಗೂ ತಿಳಿಯುತ್ತದೆ. ಕಂಪ್ಯೂಟರಿನ ಒಳಗಿನ ಗಡಿಯಾರ ತಪ್ಪಿದರೆ ಕೇಳುವವರಿಲ್ಲ. ಅದು ಬರೆದದ್ದೇ ದಾಖಲೆ, ದಾಖಲೆಯೇ ಸತ್ಯ! ಈ ಹೊಸ ಮೌಢ್ಯವನ್ನು ನಾವು ಒಪ್ಪುವುದಿಲ್ಲ.

ಯಂತ್ರದ ಒಳಗುಟ್ಟೇನು? ಅದರಲ್ಲೊಂದು ಸ್ಫಟಿಕದ ಚೂರು ಸೆಕೆಂಡಿಗೆ ೩೨,೭೬೮ ಬಾರಿ ಕಂಪಿಸುತ್ತದೆ. ಆ ಎಣಿಕೆಯೇ ಅದರ ಕಾಲ. ಸೆಖೆ, ಚಳಿಗಳಿಗೆ ಎಣಿಕೆ ಏರುಪೇರಾಗುತ್ತದೆ. ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ತಪ್ಪಿದರೂ ತಿಂಗಳಿಗೆ ಸುಮಾರು ೫೦ ಸೆಕೆಂಡು ಜಾರುತ್ತದೆ. ಇದನ್ನು ತಿದ್ದಲೆಂದೇ ಅಮೆರಿಕದ ಡೇವಿಡ್ ಮಿಲ್ಸ್ ೧೯೮೫ರಲ್ಲಿ ಎನ್‌ಟಿಪಿ ಎಂಬ ಕ್ರಮವನ್ನು ಪ್ರಕಟಿಸಿದರು. ಯಂತ್ರವು ಜಾಲದ ಮೂಲಕ ನಂಬಿಗಸ್ತ ಗಡಿಯಾರವನ್ನು ಕೇಳಿ ತನ್ನನ್ನು ತಿದ್ದಿಕೊಳ್ಳುತ್ತದೆ. ಇಂಟರ್‌ನೆಟ್ ಕಡಿದರೆ ಕೇಳುವುದು ಯಾರನ್ನು? ಒಳಗಿನ ಬಿಲ್ಲೆಯಂಥ ಬ್ಯಾಟರಿಯೂ ಸತ್ತಿದ್ದು, ಕರೆಂಟು ಹೋಗಿ ಬಂದರೆ, ಯಂತ್ರ ವರ್ಷಗಳಷ್ಟು ಹಿಂದಕ್ಕೆ ಬೀಳುತ್ತದೆ. ಆಮೇಲೆ ಇಂಟರ್‌ನೆಟ್ ಬಂದರೂ, ಸುರಕ್ಷಿತ ಸಂಪರ್ಕದ ಪ್ರಮಾಣಪತ್ರಕ್ಕೆ ಇನ್ನೂ ದಿನಾಂಕವೇ ಬಂದಿಲ್ಲವೆಂದು ಬಾಗಿಲು ಹಾಕುತ್ತದೆ.

"ಇದು ರಿಪೇರಿಯವರ ತಲೆನೋವು, ನಿಮಗೇಕೆ?" ಎನ್ನುವ ಪಂಡಿತರಿದ್ದಾರೆ. ಆ ಗಡಿಯಾರದ ಮುಂದೆ ಬೆರಳೊತ್ತಿ ಹಾಜರಿ ಹಾಕುವವರು ಕೂಲಿಕಾರರು, ಅದಕ್ಕೆ! ಹತ್ತು ನಿಮಿಷ ಮುಂದಿರುವ ಯಂತ್ರದೆದುರು ವೇಳೆಗೆ ಬಂದವನೂ ತಡವಾದವನೇ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಗಿರಣಿ ಮಾಲೀಕರು ಕೆಲಸಗಾರರ ಹೊತ್ತನ್ನು ನಿಮಿಷ ನಿಮಿಷವಾಗಿ ಕದಿಯುತ್ತಿದ್ದುದನ್ನು ಸರ್ಕಾರದ ಇನ್‌ಸ್ಪೆಕ್ಟರುಗಳೇ ವರದಿ ಮಾಡಿದರು. ಅಲ್ಲಿ ಕಳ್ಳನಿಗೊಂದು ಮುಖವಿತ್ತು. ಇಲ್ಲಿ "ನೆಟ್ ಇರಲಿಲ್ಲ" ಎಂಬ ಸಬೂಬು ಮಾತ್ರ.

ಸರ್ಕಾರಕ್ಕೆ ಕಾಲದ ಬೆಲೆ ಗೊತ್ತಿಲ್ಲವೆಂದಲ್ಲ. ಕಂಪನಿಗಳೂ ಸರ್ಕಾರಿ ಸಂಸ್ಥೆಗಳೂ ತಮ್ಮ ಗಡಿಯಾರಗಳನ್ನು ಎನ್‌ಐಸಿ ಇಲ್ಲವೆ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಕಾಲಕ್ಕೆ ಹೊಂದಿಸಬೇಕೆಂದು ಅದರ ಸೈಬರ್ ರಕ್ಷಣಾ ಸಂಸ್ಥೆ ೨೦೨೨ರ ಏಪ್ರಿಲ್ ೨೮ರಂದು ಆಜ್ಞೆ ಹೊರಡಿಸಿತು. ಒಳ್ಳೆಯದು. ಆದರೆ ಸಂಪರ್ಕ ಕಡಿದ ದಿನ ಆ ಆಜ್ಞೆ ಯಾರ ಕೂಲಿಯನ್ನು ಉಳಿಸೀತು?

ನಮ್ಮ ಬೇಡಿಕೆ ಸರಳ. ಹಾಜರಿ ಯಂತ್ರಗಳಲ್ಲಿ ಜೀವವಿರುವ ಬ್ಯಾಟರಿ ಇರಲಿ. ದೊಡ್ಡ ಕಾರ್ಖಾನೆಗಳು ಉಪಗ್ರಹದಿಂದಲೇ ಕಾಲ ಪಡೆಯುವ ರಿಸೀವರ್ ಇಡಲಿ. ಅದಕ್ಕೆ ಇಂಟರ್‌ನೆಟ್ ಬೇಕಿಲ್ಲ. ಗಡಿಯಾರವನ್ನು ಕೊನೆಗೆ ಯಾವಾಗ ಹೊಂದಿಸಲಾಯಿತೆಂಬುದು ಪ್ರತಿ ಹಾಜರಿಯ ಜೊತೆಗೆ ದಾಖಲಾಗಲಿ. ಸಂಪರ್ಕವಿಲ್ಲದ ದಿನ ಕಾಗದದ ಹಾಜರಿಯೇ ಪ್ರಮಾಣವಾಗಲಿ. ಯಂತ್ರದ ಹೊತ್ತನ್ನು ನಂಬಿ ಒಂದು ಕಾಸನ್ನೂ ಮುರಿಯಕೂಡದು.

ಯಂತ್ರ ತಪ್ಪಿದರೆ ಯಂತ್ರವನ್ನು ತಿದ್ದಿ. ದುಡಿಯುವವರ ಹೊಟ್ಟೆಯ ಮೇಲೆ ಹೊಡೆಯಬೇಡಿ!