ಮಣಿಸರದ ಹಿಂದಿನ ಲೆಕ್ಕ

ಜಾತ್ರೆಯ ಅಂಗಡಿಸಾಲಿನಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಪ್ಲಾಸ್ಟಿಕ್ ಮಣಿಸರ ಸಿಗುತ್ತದೆ. ನಗರದ ಕರಕುಶಲ ಮಳಿಗೆಯಲ್ಲಿ ಮರದ ಮಣಿಸರಕ್ಕೆ ನೂರಾರು ರೂಪಾಯಿ ತೆರಬೇಕು. ಎರಡನೆಯದರ ಕೊರಳಿಗೆ ಒಂದು ಪುಟ್ಟ ಚೀಟಿ ತೂಗುತ್ತಿರುತ್ತದೆ: ‘ನೈಸರ್ಗಿಕ’, ‘ಪರಿಸರಸ್ನೇಹಿ’, ‘ಗ್ರಾಮೀಣ ಕುಶಲಕರ್ಮಿಗಳ ಕೈಕೆಲಸ’. ಆ ಚೀಟಿಯನ್ನು ಕಂಡ ಮಲೆನಾಡಿನ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೂ ಕಾಲೇಜಿನ ವಿದ್ಯಾರ್ಥಿಗಳಿಗೂ ಒಂದು ಆಲೋಚನೆ ಹೊಳೆಯುವುದು ಸಹಜ. ಕಾಡಿನಲ್ಲಿ ಬೀಜಕ್ಕೆ ಬರವಿಲ್ಲ, ಊರಿನಲ್ಲಿ ಕೈಗಳಿಗೆ ಕೊರತೆಯಿಲ್ಲ. ಇಂಥ ಆಭರಣವನ್ನು ಇಲ್ಲಿಯೇ ಏಕೆ ತಯಾರಿಸಬಾರದು? ಆಲೋಚನೆ ಒಳ್ಳೆಯದೇ. ಆದರೆ ಕೈಹಾಕುವ ಮುನ್ನ ಆ ಚೀಟಿಯಲ್ಲಿ ಬರೆಯದೆ ಬಿಟ್ಟ ಲೆಕ್ಕವನ್ನು ಒಮ್ಮೆ ನೋಡುವುದು ಅಗತ್ಯ.

ಆಭರಣಕ್ಕೂ ಪರಿಸರಕ್ಕೂ ಇರುವ ನಂಟು ಕನ್ನಡಿಗರಿಗೆ ಹೊಸತಲ್ಲ. ಕೋಲಾರದ ಚಿನ್ನದ ಗಣಿಗಳು ಸುಮಾರು 120 ವರ್ಷ ಕಾಲ 800 ಟನ್ನಿನಷ್ಟು ಚಿನ್ನವನ್ನು ನೀಡಿ 2001ರ ಫೆಬ್ರವರಿ 28ರಂದು ಮುಚ್ಚಿದವು. ಶಿವನಸಮುದ್ರದಲ್ಲಿ ಕಾವೇರಿಯಿಂದ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಆ ಗಣಿಗಳಿಗೆ. ಬೆಂಗಳೂರಿನ ಬೀದಿಗಳು ಬೆಳಕು ಕಂಡದ್ದು ಆ ಬಳಿಕ, 1905ರಲ್ಲಿ. ಚಿನ್ನ ಊರು ಬಿಟ್ಟಿತು, ಅದಿರನ್ನು ಅರೆದು ಉಳಿದ ಸಯನೈಡ್ ದಿಬ್ಬಗಳು ಊರಿನಲ್ಲಿಯೇ ನಿಂತವು. ಬೇಸಿಗೆಯ ಗಾಳಿಗೆ ಅದರ ಧೂಳು ಮನೆಗಳ ಮೇಲೆ ಬೀಳುತ್ತದೆ. ಇದನ್ನು ಬಲ್ಲವರಿಗೆ ಮರ, ಬೀಜ, ಅರಗಿನ ಆಭರಣ ಹಿತವೆನಿಸುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ವಸ್ತು ಮೃದುವಾದ ಮಾತ್ರಕ್ಕೆ ವ್ಯಾಪಾರವೂ ಮೃದುವಾಗಿರುತ್ತದೆ ಎನ್ನಲಾಗದು.

ಬೆಂಗಳೂರು–ಮೈಸೂರು ದಾರಿಯ ಚನ್ನಪಟ್ಟಣವನ್ನೇ ತೆಗೆದುಕೊಳ್ಳಬಹುದು. ಗೊಂಬೆಗೆ ಹೆಸರಾದ ಆ ಊರಿನ ಕುಶಲಕರ್ಮಿಗಳು ಬಹುಕಾಲದಿಂದ ಮಣಿ, ಬಳೆ, ಓಲೆಗಳನ್ನೂ ಕಡೆಯುತ್ತ ಬಂದಿದ್ದಾರೆ. ಅವರ ಮರ ಹಾಲೆ. ಘಟ್ಟದ ಕೆಳಗಿನವರು ಹಾಲೆ ಎಂದೊಡನೆ ಆಟಿ ಅಮಾವಾಸ್ಯೆಯಂದು ತೊಗಟೆಯ ಕಷಾಯ ಕುಡಿಯುವ ಮದ್ದಾಲೆಯನ್ನು ನೆನೆಯಬಹುದು. ಇದು ಆ ಮರವಲ್ಲ. ಒಣನಾಡಿನ ಕುರುಚಲು ಕಾಡಿನಲ್ಲಿ ಬೆಳೆಯುವ, ಹಾಲು ಸೂಸುವ, ತುದಿ ಕೂಡಿಕೊಂಡ ಜೋಡಿಕಾಯಿ ಬಿಡುವ ಸಣ್ಣ ಮರ. ಒಳಗಿನ ಕಟ್ಟಿಗೆ ದಂತದಂತೆ ಬಿಳಿ, ಎಳೆ ನಯ. ಕಡಿದ ತುಂಡುಗಳನ್ನು ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸಬೇಕು. ಅವಸರ ಮಾಡಿದರೆ ಮಣಿ ಬಿರುಕು ಬಿಡುತ್ತದೆ.

ಒಣಗಿದ ತುಂಡನ್ನು ಲೇತಿಗೆ ಸಿಕ್ಕಿಸಿ, ತಿರುಗಿಸುತ್ತ, ಉಳಿಯಿಂದ ಆಕಾರಕ್ಕೆ ತರಲಾಗುತ್ತದೆ. ಅನಂತರ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಹತ್ತುತ್ತದೆ. ಒಣಗಿದ ಗರಿಯ ತುಂಡನ್ನು ಅದರ ಮೇಲೆ ಒತ್ತಿ ಹಿಡಿದಾಗ ಬಣ್ಣ ಸಮನಾಗಿ ಹರಡಿ ಹೊಳಪು ಏಳುತ್ತದೆ. ಕುಂಚವೂ ಬೇಡ, ಒಣಗಿಸುವ ಕಾಯುವಿಕೆಯೂ ಬೇಡ. ಅರಗಿಗೆ ಅರಿಶಿನ ಬೆರೆಸಿದರೆ ಹಳದಿ, ನೀಲಿ ಗಿಡದ ಬಣ್ಣ ಬೆರೆಸಿದರೆ ನೀಲಿ, ಎರಡೂ ಕೂಡಿದರೆ ಹಸಿರು, ರಂಗಮಾಲೆಯ ಬೀಜದಿಂದ ಕಿತ್ತಳೆ, ಕಾಚಿನಿಂದ ಕಂದು. ಅಗ್ಗದ ರಾಸಾಯನಿಕ ಬಣ್ಣಗಳ ಕಾಲದಲ್ಲಿ ಬಹುಮಟ್ಟಿಗೆ ಹಿಂದೆ ಸರಿದಿದ್ದ ಈ ಸಸ್ಯವರ್ಣಗಳು ಮತ್ತೆ ಬೇಡಿಕೆ ಪಡೆದುದಕ್ಕೆ ಹೊರಗಿನ ಕಾರಣವೂ ಉಂಟು. 2007ರಲ್ಲಿ ಸೀಸದ ಬಣ್ಣದ ಕಾರಣಕ್ಕೆ ಜಗತ್ತಿನ ದೊಡ್ಡ ಆಟಿಕೆ ಕಂಪೆನಿಯೊಂದು ಲಕ್ಷಾಂತರ ಆಟಿಕೆಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. 2010ರಲ್ಲಿ ಅಮೆರಿಕದಲ್ಲಿ ಮಕ್ಕಳ ಅಗ್ಗದ ಒಡವೆಗಳಲ್ಲಿ ಕ್ಯಾಡ್ಮಿಯಂ ಪತ್ತೆಯಾಯಿತು. ಮಗು ಬಾಯಿಗಿಟ್ಟರೂ ಹೆದರಬೇಕಿಲ್ಲದ ಮಣಿಗೆ ಕೊಳ್ಳುವವರು ಹುಟ್ಟಿಕೊಂಡರು.

ಕೊಳ್ಳುವವರು ಬಂದರು ಎಂದರೆ ಕಡೆಯುವವರ ಬದುಕು ನೇರವಾಯಿತೇ? ಚನ್ನಪಟ್ಟಣದ ಗೊಂಬೆಗಳಿಗೆ 2005–06ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಹೆಸರನ್ನು ಕಾಯುವ ಆ ಮುದ್ರೆ ಕೂಲಿಯನ್ನು ಕಾಯುವುದಿಲ್ಲ. 2023ರಲ್ಲಿ ತೆರೆದ ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುವುದರಿಂದ ಹಳೆಯ ರಸ್ತೆಯ ಬದಿಯಲ್ಲಿದ್ದ ಗೊಂಬೆ ಅಂಗಡಿಗಳಿಗೆ ದಾರಿಹೋಕ ಗಿರಾಕಿ ತಪ್ಪಿದ. ಇನ್ನು ಉಳಿದದ್ದು ದೂರದ ಮಳಿಗೆಗಳ ಸಗಟು ಬೇಡಿಕೆ. ಅಲ್ಲಿ ಬೆಲೆ ಕಟ್ಟುವವರು ಬೇರೆ.

ಮಣಿಯ ಕೆಲಸಕ್ಕೆ ಬಿಡಿ ಲೆಕ್ಕದ ಮಜೂರಿ. ಮಣಿಗೆ ಒಂದು ರೂಪಾಯಿ ಎಂದೂ ಎಂಟು ಗಂಟೆಗೆ 400 ಮಣಿ ಎಂದೂ ಉದಾಹರಣೆಗೆ ಇಟ್ಟುಕೊಂಡರೆ ಕಾಗದದ ಮೇಲೆ ದಿನಕ್ಕೆ 400 ರೂಪಾಯಿ ಕಾಣುತ್ತದೆ. ಎರಡು ಗಂಟೆ ವಿದ್ಯುತ್ತು ಹೋದರೆ ನೂರು ಮಣಿ ಖೋತಾ. ಉಳಿದ 300ರಲ್ಲಿ ಬಿರುಕು ಬಿಟ್ಟವು, ಬಣ್ಣ ಒಂದೇ ತೆರನಾಗಿಲ್ಲವೆಂದು ಹಿಂದೆ ಬಂದವು ಸೇರಿ ಮೂವತ್ತು ಹೋದವೆಂದರೆ ಕೈಗೆ ಸಿಕ್ಕುವುದು 270. ಅರಗು ಕಾಯಿಸಿ, ಬಣ್ಣ ಬೆರೆಸಿ, ಎಳೆದು ಕಡ್ಡಿ ಮಾಡುವ, ಉಳಿ ಮಸೆಯುವ ಇನ್ನೊಂದು ಗಂಟೆಯನ್ನು ಯಾರೂ ಎಣಿಸುವುದಿಲ್ಲ. ಎಣಿಸಿದರೆ ಗಂಟೆಗೆ ಮೂವತ್ತು ರೂಪಾಯಿ. ಮನೆಯ ಹೆಂಗಸರು ಮಣಿ ಪೋಣಿಸುವ ಹೊತ್ತು ಈ ಲೆಕ್ಕದೊಳಗೆ ಬಂದೇ ಇಲ್ಲ. ‘ನೈಸರ್ಗಿಕ ಬಣ್ಣ’ ಎಂದು ಚೀಟಿ ಬರೆಯುವ ಕೊಳ್ಳುಗನೇ, ಅರಿಶಿನದ ಹಳದಿ ಈ ಬಾರಿ ಕೊಂಚ ಮಸುಕಾಯಿತೆಂದು ಸರಕನ್ನು ತಿರುಗಿಸಿ ಕಳಿಸುವುದು ವಿಚಿತ್ರವಾದರೂ ನಡೆಯುವ ಸಂಗತಿ. ವಿನ್ಯಾಸಕಾರರ ಹೆಸರು ಚೀಟಿಯ ಮೇಲೆ ಅಚ್ಚಾಗುತ್ತದೆ. ಕಡೆದವನ ಹೆಸರಿಗೆ ಅಲ್ಲಿ ಜಾಗ ಸಾಲದು.

ಫೇರ್ ಟ್ರೇಡ್ ಎಂದು ಕರೆಯಲಾಗುವ ನ್ಯಾಯಯುತ ವ್ಯಾಪಾರದ ಚಳವಳಿ ಹುಟ್ಟಿದ್ದೇ ಈ ಬಗೆಯ ಅಡ್ಡ ಲೆಕ್ಕಗಳನ್ನು ನೇರಗೊಳಿಸಲು. 1989ರಲ್ಲಿ ಆರಂಭವಾದ, ಈಗ ವಿಶ್ವ ನ್ಯಾಯಯುತ ವ್ಯಾಪಾರ ಸಂಘಟನೆ ಎಂಬ ಹೆಸರಿನ ಒಕ್ಕೂಟ ಹತ್ತು ತತ್ತ್ವಗಳನ್ನು ಮುಂದಿಟ್ಟಿದೆ. ಮಕ್ಕಳ ದುಡಿಮೆ ಕೂಡದು, ಹೆಣ್ಣು ಗಂಡಿನ ಕೂಲಿಯಲ್ಲಿ ಭೇದ ಕೂಡದು ಎಂಬವು ಅದರಲ್ಲಿ ಎಲ್ಲರಿಗೂ ಗೊತ್ತಿರುವಂಥವು. ಕರಕುಶಲಕರ್ಮಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಮಾತು ಮಾತ್ರ ಹೊರಗೆ ಅಷ್ಟಾಗಿ ಕೇಳಿಬರುವುದಿಲ್ಲ: ಬೇಡಿಕೆ ಕೊಟ್ಟವರು, ಕುಶಲಕರ್ಮಿ ಕೇಳಿದಲ್ಲಿ, ಕನಿಷ್ಠ ಅರ್ಧ ಹಣವನ್ನು ಬಡ್ಡಿಯಿಲ್ಲದೆ ಮುಂಗಡವಾಗಿ ಕೊಡಬೇಕು. ಮರ, ಅರಗು ಕೊಳ್ಳಲು ಕೈಯಲ್ಲಿ ಕಾಸಿಲ್ಲದವನು ವರ್ತಕನ ಬಳಿ ಸಾಲ ಎತ್ತುತ್ತಾನೆ. ಸಾಲ ಕೊಟ್ಟವನಿಗೇ, ಅವನು ಹೇಳಿದ ಬೆಲೆಗೇ, ಸರಕನ್ನು ಒಪ್ಪಿಸುತ್ತಾನೆ. ಅಡಿಕೆ ಬೆಳೆಗಾರರಿಗೆ ಈ ಕತೆಯನ್ನು ಬಿಡಿಸಿ ಹೇಳಬೇಕಿಲ್ಲ. ಮುಂಗಡದ ಒಂದು ಶರತ್ತು ಆ ಸರಪಳಿಯನ್ನು ಸಡಿಲಿಸಬಲ್ಲದು. ಆದ್ದರಿಂದ ಮಳಿಗೆಯವರು ಮಾದರಿ ಕೇಳಿಕೊಂಡು ಬಂದಾಗ ಸಂಘದವರು ಬೆಲೆಗೂ ಮುನ್ನ ಕೇಳಬೇಕಾದ ಪ್ರಶ್ನೆ ಇದು. ಎರಡನೆಯ ಪ್ರಶ್ನೆ, ತಿರಸ್ಕೃತ ಮಣಿಯ ನಷ್ಟ ಯಾರದು ಎಂಬುದು. ಮಾರುವವರಿಗೂ ಬಾಡಿಗೆ, ಸಾಗಣೆ, ಮಾರದೆ ಉಳಿಯುವ ಸರಕಿನ ಹೊರೆ ಇರುತ್ತದೆಂಬುದು ದಿಟ. ಆ ಹೊರೆಯನ್ನು ಲೇತಿನ ಮುಂದೆ ಕುಳಿತವನ ಮೇಲೆ ಇಳಿಸುವುದಾದರೆ ಚೀಟಿಯನ್ನು ಬದಲಿಸುವುದೇ ಪ್ರಾಮಾಣಿಕತೆ.

ಕೂಲಿಯ ಲೆಕ್ಕದ ಹಿಂದೆಯೇ ಮರದ ಲೆಕ್ಕ ಬರುತ್ತದೆ. ಚನ್ನಪಟ್ಟಣದಲ್ಲಿ ಒಳ್ಳೆಯ ಹಾಲೆ ಸಿಕ್ಕುವುದು ಕಷ್ಟವಾಗಿ ರಬ್ಬರ್ ಮರವೂ ಲೇತಿಗೆ ಏರುತ್ತಿದೆ. ನೂರಾರು ವರ್ಷ ಒಂದೇ ಮರವನ್ನು ನಂಬಿದ ಕಸುಬು ಆ ಮರವನ್ನು ನೆಡುವ ಏರ್ಪಾಡನ್ನು ಸಾಕಷ್ಟು ಮಾಡಿಕೊಳ್ಳದೆ ಹೋದದ್ದರ ಫಲವಿದು. ತಪ್ಪು ಕುಶಲಕರ್ಮಿಯದಷ್ಟೇ ಅಲ್ಲ, ಮರವನ್ನು ಕಚ್ಚಾ ಸರಕೆಂದು ಮಾತ್ರ ಕಂಡ ಎಲ್ಲರದೂ ಹೌದು. ಅರಗು ಬರುವುದಂತೂ ಇನ್ನೂ ದೂರದಿಂದ. ಜಾರ್ಖಂಡ್, ಛತ್ತೀಸಗಢದ ಆದಿವಾಸಿಗಳು ಮುತ್ತುಗ, ಬೋರೆ, ಕುಸುಮ ಮರಗಳ ಕೊಂಬೆಗಳ ಮೇಲೆ ಅರಗಿನ ಹುಳುವನ್ನು ಸಾಕಿ, ಕೆರೆದು, ಸಂತೆಗೆ ತರುತ್ತಾರೆ. ಚನ್ನಪಟ್ಟಣದ ಮಣಿಯ ಹೊಳಪು ಆ ಕಾಡಿನದು. ಸರದ ಬೆಲೆಯಲ್ಲಿ ಆ ಸಂತೆಯ ಪಾಲೆಷ್ಟೆಂದು ಕೇಳುವವರು ವಿರಳ.

ಮಲೆನಾಡಿಗೆ ಬಂದರೆ ಮೊದಲು ಕಣ್ಣಿಗೆ ಬೀಳುವುದು ಗುಲಗಂಜಿ. ಅಕ್ಕಸಾಲಿಗರ ತಕ್ಕಡಿಯಲ್ಲಿ ಚಿನ್ನವನ್ನು ತೂಗಿದ ಈ ಕೆಂಪು ಕಪ್ಪು ಬೀಜಕ್ಕಿಂತ ಚೆಂದದ ಮಣಿ ಇನ್ನೊಂದಿಲ್ಲ ಎನಿಸುತ್ತದೆ. ಆದರೆ ಅದರೊಳಗಿರುವ ಏಬ್ರಿನ್ ಉಗ್ರ ವಿಷ. ಗಟ್ಟಿಯಾದ ಸಿಪ್ಪೆ ಒಡೆಯದವರೆಗೆ ಅಪಾಯ ಕಡಿಮೆ. ಮಣಿಯಾಗಬೇಕಾದರೆ ತೂತು ಕೊರೆಯಲೇಬೇಕು. 2011ರಲ್ಲಿ ಬ್ರಿಟನ್ನಿನ ಈಡನ್ ಪ್ರಾಜೆಕ್ಟ್ ಎಂಬ ಸಸ್ಯೋದ್ಯಾನ ತನ್ನ ಅಂಗಡಿಯಲ್ಲಿ ಮಾರಿದ್ದ ಗುಲಗಂಜಿಯ ಕೈಸರಗಳನ್ನು ಗಿರಾಕಿಗಳಿಂದ ಹಿಂದಕ್ಕೆ ಕರೆಸಿಕೊಂಡಿತು. ತೊಟ್ಟವರ ಬಗ್ಗೆ ಅಷ್ಟು ಎಚ್ಚರ ವಹಿಸಲಾಯಿತು; ಕೊರೆಯುವಾಗ ಏಳುವ ಹುಡಿ ಮೊದಲು ಸೇರುವುದು ಕೊರೆಯುವವರ ಮೂಗನ್ನು. ಯಾವ ಬೆಲೆ ಬಂದರೂ ಯಾವ ಸಂಘವೂ ಈ ಕೆಲಸವನ್ನು ಒಪ್ಪಿಕೊಳ್ಳಬಾರದು. ಹಾಗೆಯೇ ಮರ ಕಡೆಯುವಲ್ಲಿ ಹುಡಿ ಹೊರಹೋಗುವ ದಾರಿ ಹಾಗೂ ಮೂಗಿಗೆ ಬಟ್ಟೆ ಇಲ್ಲದಿದ್ದರೆ ಅದನ್ನು ಪರಿಸರಸ್ನೇಹಿ ಎನ್ನುವುದು ಸಲ್ಲದು.

ಆನೆಗುಲಗಂಜಿಯೂ ಬೈನೆಯ ಬೀಜವೂ ಮಣಿಗೆ ಒದಗುತ್ತವೆ. ಬೈನೆಯ ವಿಷಯದಲ್ಲಿ ಕೈ ಹಿಡಿತದಲ್ಲಿರಲಿ. ಅದು ಮೇಲಿನಿಂದ ಕೆಳಗೆ ಗೊನೆ ಬಿಡುತ್ತ ಬಂದು, ಕೊನೆಯ ಗೊನೆಯೊಂದಿಗೆ ಒಣಗುವ ಮರ. ಅದರ ಹಣ್ಣನ್ನು ತಿಂದು ಬೀಜವನ್ನು ಕಾಡಿನುದ್ದಕ್ಕೂ ಬಿತ್ತುವುದು ಪುನುಗು ಬೆಕ್ಕು. ಗೊನೆಗಳನ್ನೇ ಕಡಿದು ಹೊತ್ತು ತಂದರೆ ಬೆಕ್ಕಿಗೂ ಇಲ್ಲ, ನಾಳಿನ ಬೈನೆಗೂ ಇಲ್ಲ. ಉದುರಿದ್ದರಲ್ಲಿ ಒಂದು ಪಾಲನ್ನಷ್ಟೇ ಆರಿಸುವುದು, ಎಷ್ಟು ಮರದಡಿ ಎಷ್ಟು ಆರಿಸಲಾಯಿತೆಂದು ಬರೆದಿಡುವುದು ವಿದ್ಯಾರ್ಥಿಗಳು ಸುಲಭವಾಗಿ ಮಾಡಬಹುದಾದ ಕೆಲಸ.

2006ರ ಅರಣ್ಯ ಹಕ್ಕು ಕಾಯಿದೆ ಕಿರು ಅರಣ್ಯ ಉತ್ಪನ್ನಗಳ ಮೇಲಿನ ಒಡೆತನವನ್ನು ಅರಣ್ಯವಾಸಿಗಳಿಗೆ ನೀಡುತ್ತದೆ. ಅರಗಿನ ಹೆಸರು ಆ ಕಾಯಿದೆಯಲ್ಲಿಯೇ ಇದೆ. ಪರಿಶಿಷ್ಟ ಪಂಗಡಕ್ಕೆ ಸೇರದವರಿಂದ ಮೂರು ತಲೆಮಾರಿನ ವಾಸದ ದಾಖಲೆ ಕೇಳುವುದರಿಂದ ಮಲೆನಾಡಿನ ಬಹಳಷ್ಟು ಅರ್ಜಿಗಳು ತಿರಸ್ಕೃತವಾಗಿವೆ. ಕಟ್ಟಿಗೆಯಂತೂ ಕಿರು ಉತ್ಪನ್ನವಲ್ಲ. ಆದುದರಿಂದ ಮರದ ಮಣಿಗೆ ಹೊರಟವರಿಗೆ ಕಾಡಿಗಿಂತ ತಮ್ಮ ಬೇಲಿಯೇ ನಂಬಿಕೆಯ ನೆಲ. ಮಲೆನಾಡಿನ ಅಂಚಿನ ಒಣ ಊರುಗಳಲ್ಲಿ ಹಾಲೆ ಚೆನ್ನಾಗಿ ಬರುತ್ತದೆ, ಕಡಿದ ಬುಡದಿಂದ ಮತ್ತೆ ಚಿಗುರುತ್ತದೆ. ಗೊಂಬೆಗೆ ಸಾಲದ ಕೊಂಬೆಯ ತುಂಡು ಮಣಿಗೆ ಸಾಕು, ಮರವನ್ನು ಉರುಳಿಸಬೇಕಿಲ್ಲ. ಚನ್ನಪಟ್ಟಣದ ಕಡೆಯುವವರಿಗೆ ಒಣಗಿಸಿದ ಕೊಂಬೆಯನ್ನು ನೇರವಾಗಿ ಒದಗಿಸುವ, ಇಲ್ಲವೆ ಅವರಿಂದಲೇ ಕೆಲಸ ಕಲಿಯುವ ದಾರಿ ಊರಿನ ಸಂಘಗಳಿಗೆ ತೆರೆದೇ ಇದೆ. ಜೋಡಿಕಾಯಿ ಬಲಿತು ಕಂದು ಬಣ್ಣಕ್ಕೆ ತಿರುಗಿದಾಗ, ಒಡೆಯುವ ಮುನ್ನವೇ ಕೊಯ್ದು ಬುಟ್ಟಿಯಲ್ಲಿ ಮುಚ್ಚಿಡಬೇಕು. ಒಡೆದರೆ ರೇಷ್ಮೆಗೂದಲಿನ ಬೀಜ ಗಾಳಿಗೆ ಹಾರಿ, ಸಸಿಮಡಿಗೆ ಏನೂ ಉಳಿಯದು.