ಕೊರಳಿನ ಗ್ರಂಥಿ ಹೇಳುವ ಮಾತು

ವಿಜಯನಗರದ ವಾಚಕರೊಬ್ಬರು ನಮಗೊಂದು ಕಾಗದವನ್ನು ಬರೆದಿರುವರು. ಅವರ ತಂದೆಯವರಿಗೆ ಬಹುಕಾಲದಿಂದ ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನು ಹಾಕಿಕೊಳ್ಳುವ ಅಭ್ಯಾಸ. ನಾಲಗೆಯ ಅಂಚಿನಲ್ಲಿ ಎದ್ದ ಹುಣ್ಣು ಏಡಿಗಂತಿ, ಎಂದರೆ ಕ್ಯಾನ್ಸರ್, ಎಂದು ತಿಳಿದು ಶಸ್ತ್ರಚಿಕಿತ್ಸೆಯಾಯಿತು. “ಹುಣ್ಣು ಇದ್ದುದು ನಾಲಗೆಯಲ್ಲಿ, ಕೊರಳನ್ನೇಕೆ ಕೊಯ್ದರು? ತೆಗೆದ ೩೦ ಗ್ರಂಥಿಗಳ ಪೈಕಿ ೨ರಲ್ಲಿ ರೋಗವುಂಟೆಂದು ಬರೆದುಕೊಟ್ಟಿದ್ದಾರೆ. ನಾವು ಆಸೆಯನ್ನು ಬಿಡಬೇಕೇ?” ಎಂಬುದು ಅವರ ಪ್ರಶ್ನೆ. ಇದು ಅನೇಕ ಮನೆಗಳ ಪ್ರಶ್ನೆಯಾದುದರಿಂದ ಉತ್ತರವನ್ನು ಇಲ್ಲಿಯೇ ಕೊಡುತ್ತೇವೆ.

ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ತೊಡೆಯ ಸಂದಿಯಲ್ಲಿ ಗಳಲೆ ಕಟ್ಟುವುದನ್ನು ಎಲ್ಲರೂ ಬಲ್ಲರು. ಹಾಗೆ ಊದುವುದೇ ದುಗ್ಧಗ್ರಂಥಿ. ದೇಹದಲ್ಲೆಲ್ಲ ದುಗ್ಧರಸವೆಂಬ ತಿಳಿಯಾದ ದ್ರವವನ್ನು ಒಯ್ಯುವ ಸಣ್ಣ ನಾಳಗಳುಂಟು. ಆ ದಾರಿಯ ಸುಂಕದ ಕಟ್ಟೆಗಳೇ ಈ ಗ್ರಂಥಿಗಳು. ಏಡಿಗಂತಿಯಿಂದ ಕಳಚಿ ಹೊರಟ ಕಣಗಳು ಸಾಮಾನ್ಯವಾಗಿ ಮೊದಲು ಸಿಕ್ಕಿಬೀಳುವುದು ಇಲ್ಲಿಯೇ. ಬಾಯಿಯ ರೋಗವಾದರೆ ಕೊರಳಿನಲ್ಲಿ, ಸ್ತನದ ರೋಗವಾದರೆ ಕಂಕುಳಲ್ಲಿ. ಆದುದರಿಂದ ರೋಗವು ಹುಟ್ಟಿದ ಮನೆಯಲ್ಲಿಯೇ ಇದೆಯೋ, ಪಯಣ ಹೊರಟಿದೆಯೋ ಎಂಬುದಕ್ಕೆ ಗ್ರಂಥಿಯೇ ಸಾಕ್ಷಿ. ಬಾಯಿಯ ಏಡಿಗಂತಿಯು ಕೊರಳಿಗೆ ಇಳಿದರೆ ಬದುಕಿ ಉಳಿಯುವವರ ಪ್ರಮಾಣವು ಸುಮಾರು ಅರ್ಧಕ್ಕೆ ಇಳಿಯುವುದೆಂಬುದನ್ನು ನಾವು ಮುಚ್ಚಿಡಲಾರೆವು.

ಇನ್ನು ಕೊರಳನ್ನು ಕೊಯ್ದ ಕಾರಣ. ಕೈಗೆ ಗಂಟು ಸಿಕ್ಕದಿದ್ದರೆ ಕಾದು ನೋಡಬಹುದೇ ಎಂಬ ಚರ್ಚೆ ವೈದ್ಯರಲ್ಲಿ ಬಹುಕಾಲ ನಡೆದಿತ್ತು. ಅದನ್ನು ಬಗೆಹರಿಸಿದುದು ನಮ್ಮ ದೇಶದ್ದೇ ಆದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ. ಕೊರಳಲ್ಲಿ ಗಂಟು ಕಾಣದ, ಆರಂಭದ ಹಂತದ ಬಾಯಿಯ ರೋಗಿಗಳಲ್ಲಿ ಕೆಲವರಿಗೆ ಮೊದಲೇ ಗ್ರಂಥಿಗಳನ್ನು ತೆಗೆದರು. ಉಳಿದವರಿಗೆ ಗಂಟು ಕಾಣಿಸಿಕೊಂಡಾಗ ತೆಗೆದರು. ೨೦೧೫ರಲ್ಲಿ ಪ್ರಕಟವಾದ ೫೦೦ ರೋಗಿಗಳ ಫಲಿತಾಂಶದಂತೆ, ಮೂರು ವರ್ಷಗಳ ತರುವಾಯ ಮೊದಲನೆಯ ಗುಂಪಿನಲ್ಲಿ ನೂರಕ್ಕೆ ೮೦ ಮಂದಿಯೂ ಎರಡನೆಯದರಲ್ಲಿ ೬೭.೫ ಮಂದಿಯೂ ಬದುಕಿದ್ದರು. ಬೆರಳಿಗೆ ತಿಳಿಯದ ರೋಗವೂ ಗ್ರಂಥಿಯಲ್ಲಿ ಅಡಗಿರಬಲ್ಲದು. ನಮ್ಮ ವಾಚಕರ ತಂದೆಯವರಿಗೆ ಆದುದು ಅಪಕಾರವಲ್ಲ, ಉಪಕಾರವೇ.

ಹಾಗಾದರೆ ಆ ‘೨’ ಎಂಬ ಅಂಕಿ? ಅದು ತೀರ್ಪಲ್ಲ, ಮುಂದಿನ ದಾರಿಯನ್ನು ತೋರುವ ಕೈಮರ. ಎಷ್ಟು ಗ್ರಂಥಿಗಳಲ್ಲಿ ರೋಗವಿದೆ, ಅದು ಗ್ರಂಥಿಯ ಹೊದಿಕೆಯನ್ನು ಒಡೆದು ಹೊರಬಿದ್ದಿದೆಯೇ, ಈ ಎರಡನ್ನೂ ವೈದ್ಯರಿಂದ ಕೇಳಿ ತಿಳಿಯತಕ್ಕದ್ದು. ರೋಗವು ಗ್ರಂಥಿಗೆ ತಗುಲಿದ್ದರೆ ಸಾಮಾನ್ಯವಾಗಿ ಕಿರಣಚಿಕಿತ್ಸೆಯನ್ನು ಹೇಳುವರು. ಹೊದಿಕೆ ಒಡೆದಿದ್ದರೆ, ದೇಹವು ತಾಳುವಂತಿದ್ದಲ್ಲಿ, ಅದರೊಡನೆ ಔಷಧವನ್ನೂ ಕೊಡುವರು. ಶಸ್ತ್ರಚಿಕಿತ್ಸೆಯಾದ ಆರು ವಾರಗಳೊಳಗೆ ಇದು ಆರಂಭವಾಗುವುದು ಲೇಸು. “ಗಾಯ ಮಾಯಿತು, ಹಬ್ಬ ಕಳೆಯಲಿ” ಎಂದು ದಿನಗಳನ್ನು ದೂಡುವುದು ಸರ್ವಥಾ ಕೂಡದು. ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ನಮ್ಮ ಬೆಂಗಳೂರಿನಲ್ಲಿಯೇ ಉಂಟು. ಅಲ್ಲದೆ, ನೂರಕ್ಕೆ ಇಷ್ಟು ಎಂಬುದು ಗುಂಪಿನ ಲೆಕ್ಕ. ನಿಮ್ಮ ತಂದೆಯವರು ಆ ಗುಂಪಿನಲ್ಲಿ ಯಾವ ಕಡೆಗೆ ಸೇರುವರೆಂದು ಯಾವ ಅಂಕಿಯೂ ಹೇಳಲಾರದು.

ಕಡೆಯದಾಗಿ ಮನೆಯ ಯಜಮಾನರಿಗೂ ಗೃಹಿಣಿಯರಿಗೂ ಒಂದು ಮಾತು. ಬಾಯಿಯ ಹುಣ್ಣು ಎರಡು ಮೂರು ವಾರಗಳಲ್ಲಿ ಮಾಯದಿದ್ದರೆ, ಕೊರಳಲ್ಲಿ ನೋವಿಲ್ಲದ ಗಂಟು ಉಳಿದರೆ, ನೋವಿಲ್ಲವೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿರಿ. ಎಲೆಯಡಿಕೆಯ ತಟ್ಟೆಯಿಂದ ಹೊಗೆಸೊಪ್ಪನ್ನು ಇಂದೇ ತೆಗೆಯಿರಿ. ಅಡಿಕೆಯೂ ನಿರ್ದೋಷಿಯಲ್ಲವೆಂಬುದು ನೆನಪಿರಲಿ. ಗ್ರಂಥಿಯು ಮಾತನಾಡುವ ಮೊದಲೇ ನಾವು ಎಚ್ಚರಗೊಳ್ಳುವುದು ಮೇಲಲ್ಲವೇ?